ಪಗಾರ ಅಂದರೆ ಪಿಂಚಣಿ

ಮಂಗಳವಾರ ನಮ್ಮೂರ ಸಂತೆ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆಲ್ಲ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಜನ ಕೂತಿರುತ್ತಾರೆ. ಕಾಯಿಪಲ್ಯ ಕೊಳ್ಳುವ ಮೊದಲು ಒಮ್ಮೆ ನಮ್ಮ ಹತ್ತಿರ ಬಂದು ಹೋಗುವುದು ಸುತ್ತಲ ಹಳ್ಳಿಯವರಿಗೆ ರೂಢಿ. ನಮ್ಮದು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿರುವ ಸಣ್ಣ ಟ್ರಸ್ಟ್. ಐದು ಜನ ಕೆಲಸ ಮಾಡುತ್ತೇವೆ. ವಯಸ್ಸಾದವರಿಗೆ, ವಿಕಲಚೇತನರಿಗೆ, ಗಂಡ ತೀರಿಕೊಂಡ ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಬರಬೇಕಾದ್ದು ಬರುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

2024ರ ಬೇಸಿಗೆಯ ಒಂದು ಮಂಗಳವಾರ ಒಬ್ಬ ಅಜ್ಜಿ ಬಂದರು. ಪ್ಲಾಸ್ಟಿಕ್ ಚೀಲದೊಳಗಿನ ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿ ಹಿಡಿದು ಹೇಳಿದರು: “ಅಕ್ಕಾರ, ಮೂರು ತಿಂಗಳಾತು, ನನ ಪಗಾರ ಬಂದಿಲ್ರೀ. ನಾ ಸತ್ತೀನಿ ಅಂತ ಬರದಾರೇನ್ ನೋಡ್ರಿ.”

ಅವರು ಪಗಾರ ಅಂದದ್ದು ಸಂಧ್ಯಾ ಸುರಕ್ಷಾ ಯೋಜನೆಯ ಹಣ. 65 ವರ್ಷ ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ನಮ್ಮ ಕಡೆ ಅದನ್ನು ಪಿಂಚಣಿ ಅನ್ನುವವರು ಕಡಿಮೆ. ಮುದುಕರ ಪಗಾರ, ವಿಧವಾ ಪಗಾರ, ಕುಂಟರ ಪಗಾರ, ಹೀಗೇ ಮಾತು. ಕೊನೆಯದು ಕೇಳೋಕೆ ಒರಟು, ಆದರೆ ಆಡುವವರೂ ಅವರೇ, ತಮ್ಮ ಬಗ್ಗೆಯೇ ಆಡುತ್ತಾರೆ.

ಅಜ್ಜಿಯ ಹಣ ನಿಂತಿರಲಿಲ್ಲ. ಯಾವುದೋ ಕ್ಯಾಂಪಿನಲ್ಲಿ ಅವರ ಹೆಬ್ಬೆಟ್ಟು ತಗೊಂಡು ಹೊಸ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದಿದ್ದರು. ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವುದನ್ನು ಎನ್‌ಪಿಸಿಐ (ದೇಶದ ಬ್ಯಾಂಕ್ ಪಾವತಿಗಳ ವ್ಯವಸ್ಥೆ ನಡೆಸುವ ಸಂಸ್ಥೆ) ಇಟ್ಟಿರುವ ಜೋಡಣೆ ಪಟ್ಟಿ, ಅಂದರೆ ಮ್ಯಾಪಿಂಗ್, ತೀರ್ಮಾನಿಸುತ್ತದೆ. ಕೊನೆಗೆ ಯಾವ ಬ್ಯಾಂಕು ಆಧಾರ್ ಜೋಡಿಸಿತೋ ಹಣ ಅಲ್ಲಿಗೇ ಬೀಳುತ್ತದೆ. ಅಜ್ಜಿಯ 3,600 ರೂಪಾಯಿ ಅವರಿಗೇ ಗೊತ್ತಿಲ್ಲದ ಖಾತೆಯಲ್ಲಿ ಭದ್ರವಾಗಿ ಕೂತಿತ್ತು. ಇದನ್ನು ಹುಡುಕಲು ನಮಗೆ ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷ ಸಿಗದೆ ಅಜ್ಜಿ ಮೂರು ತಿಂಗಳು ಬ್ಯಾಂಕು, ಪಂಚಾಯ್ತಿ, ನಾಡಕಚೇರಿ ಅಂತ ಓಡಾಡಿದ್ದರು. ಒಂದೊಂದು ಓಡಾಟಕ್ಕೂ ಒಂದು ದಿನದ ಕೂಲಿ ಹೋಗಿತ್ತು.

ಇಂಥವರು ವಾರಕ್ಕೆ ಮೂವತ್ತು ನಲವತ್ತು ಜನ ಬರುತ್ತಾರೆ. ಬರಲಾಗದವರು ಎಷ್ಟೋ. ಆಗ ಹುಟ್ಟಿದ್ದು ಫೋನ್ ಲೈನಿನ ಯೋಚನೆ. ಜನ ತಮ್ಮ ಮಾತಿನಲ್ಲೇ ತೊಂದರೆ ಹೇಳಬೇಕು, ಯಂತ್ರ ಅದನ್ನು ಕೇಳಿ ಇದು ಮ್ಯಾಪಿಂಗ್ ತೊಂದರೆಯೋ, ಹೆಬ್ಬೆಟ್ಟಿನ ತೊಂದರೆಯೋ, ಅರ್ಜಿಯೇ ತಿರಸ್ಕಾರವಾಗಿದೆಯೋ ಅಂತ ಬೇರೆ ಮಾಡಬೇಕು, ಆಮೇಲೆ ನಮ್ಮಲ್ಲೊಬ್ಬರು ವಾಪಸ್ ಫೋನ್ ಮಾಡಬೇಕು. ನಮ್ಮೂರ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ. “ಇದು ಆಗುತ್ತೆ ಅಕ್ಕಾ, ಈಗಿನ ಎಐಗೆ ಇದು ದೊಡ್ಡದಲ್ಲ” ಅಂದ.

ಕನ್ನಡ ಕೇಳಿಸಿಕೊಳ್ಳುವ ಒಂದು ಧ್ವನಿ ಆ್ಯಪ್ ಹಾಕಿ ಪರೀಕ್ಷೆ ಮಾಡಿದೆವು. “ನನ ಪಗಾರ ಬಂದಿಲ್ರೀ” ಅಂದರೆ ಅದು, ನಿಮ್ಮ ಕಂಪನಿಯ ಎಚ್‌ಆರ್ ವಿಭಾಗವನ್ನು ಸಂಪರ್ಕಿಸಿ, ಸಂಬಳದ ಚೀಟಿ ಪರಿಶೀಲಿಸಿ ಅಂತ ಉತ್ತರ ಕೊಟ್ಟಿತು. ಎದುರಿಗೆ ಕೂತಿದ್ದ ಅಜ್ಜಿ ನನ್ನ ಮುಖ ನೋಡಿದರು. “ಏನಂತೈತಿ ಅದು?” ಅಂತ ಕೇಳಿದರು. “ಹೆಬ್ಬೆಟ್ಟು ಬರವಲ್ದು” ಅಂದರೆ ಅದಕ್ಕೆ ಅರ್ಥವೇ ಆಗಲಿಲ್ಲ. ಹೊಲದ ಕೆಲಸ ಮಾಡಿ ಬೆರಳಿನ ಗೆರೆ ಸವೆದು, ಯಂತ್ರದಲ್ಲಿ ಹೊಂದಾಣಿಕೆ ಆಗದಿರುವುದಕ್ಕೆ ನಮ್ಮ ಜನ ಹೇಳುವ ಮಾತು ಅದು. ಆ ಎರಡು ಪದದಲ್ಲಿ ಎಷ್ಟು ದಿನಗಳ ಊಟ ನಿಂತಿರುತ್ತದೆ ಅಂತ ನಮಗೆ ಗೊತ್ತು. ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವತ್ತೇ ಒಂದು ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದೆವು. ಎಡಗಡೆ ಜನ ಹೇಳುವ ಮಾತು, ಬಲಗಡೆ ಅದಕ್ಕೆ ಸರ್ಕಾರಿ ಕಾಗದದಲ್ಲಿರುವ ಹೆಸರು. ಮೊದಲ ಸಾಲು: ಪಗಾರ ಅಂದರೆ ಪಿಂಚಣಿ. ನಾಲ್ಕು ತಿಂಗಳಲ್ಲಿ 640 ಸಾಲು ಆಯಿತು. ಬರೆದವರು ನಮ್ಮಲ್ಲೇ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಪಿಯುಸಿ ಓದಿದವರು, ಇನ್ನೊಬ್ಬರು ಎಸ್ಸೆಸ್ಸೆಲ್ಸಿ. ಒಂದು ಮಾತು ಯಾವ ಹಳ್ಳಿಯಲ್ಲಿ ಹೇಗೆ ತಿರುಗುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ.

ಅಷ್ಟರಲ್ಲಿ ದೇಶದ ಎಐ ಯೋಜನೆಯ ಸುದ್ದಿ ಪತ್ರಿಕೆಗಳಲ್ಲಿ ತುಂಬಿತ್ತು. 2024ರ ಮಾರ್ಚ್ 7ರಂದು ಕೇಂದ್ರ ಸಂಪುಟ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಐದು ವರ್ಷಕ್ಕೆ 10,371.92 ಕೋಟಿ ರೂಪಾಯಿ, ಏಳು ವಿಭಾಗ. ಕಂಪ್ಯೂಟರ್ ಶಕ್ತಿ ಒದಗಿಸುವುದು, ದತ್ತಾಂಶ ಒಂದೆಡೆ ಸಿಗುವ ಹಾಗೆ ಮಾಡುವುದು, ನಮ್ಮದೇ ಎಐ ಮಾದರಿಗಳನ್ನು ಕಟ್ಟುವುದು, ಜನೋಪಯೋಗಿ ಅಪ್ಲಿಕೇಶನ್, ತರಬೇತಿ, ಸ್ಟಾರ್ಟಪ್‌ಗೆ ಹಣ, ಸುರಕ್ಷಿತ ಎಐ. ಅದಕ್ಕೂ ಮೊದಲು, 2018ರಲ್ಲೇ, ನೀತಿ ಆಯೋಗ ರಾಷ್ಟ್ರೀಯ ಎಐ ಕಾರ್ಯತಂತ್ರದ ಬಗ್ಗೆ ಚರ್ಚಾಪತ್ರ ತಂದಾಗ ‘ಎಲ್ಲರಿಗೂ ಎಐ’ ಅನ್ನುವುದೇ ಅದರ ಘೋಷಣೆಯಾಗಿತ್ತು. ನನಗೆ ನಿಜವಾಗಿ ಖುಷಿಯಾಯಿತು. ನಮ್ಮ ನೋಟ್‌ಬುಕ್ಕಿಗೂ ಇದರಲ್ಲಿ ಒಂದು ಜಾಗ ಇರಬೇಕಲ್ಲ ಅಂತ ಅನಿಸಿತು.

ಪ್ರಕಟಣೆಯನ್ನು ಪೆನ್ನು ಹಿಡಿದು ಓದಿದೆ. ಕಂಪ್ಯೂಟರ್ ಶಕ್ತಿ ಯಾರಿಗಾಗಿ ಅನ್ನುವಲ್ಲಿ ಸ್ಟಾರ್ಟಪ್ ಮತ್ತು ಸಂಶೋಧನಾ ವಲಯ. ದತ್ತಾಂಶ ಯಾರಿಗೆ ಅನ್ನುವಲ್ಲಿ ಭಾರತದ ಸ್ಟಾರ್ಟಪ್‌ಗಳು ಮತ್ತು ಸಂಶೋಧಕರು. ತರಬೇತಿಯಲ್ಲಿ ಪದವಿ, ಸ್ನಾತಕೋತ್ತರ, ಪಿಎಚ್‌ಡಿ ವಿದ್ಯಾರ್ಥಿಗಳು. ಎಲ್ಲರೂ ಬೇಕಾದವರೇ. ನಮ್ಮಂಥವರ ಹೆಸರು ಮಾತ್ರ ಕಾಣಲಿಲ್ಲ. ಇರಲಿ, ಹೆಸರು ಬರೆಯದಿದ್ದರೂ ಬಾಗಿಲು ತೆರೆದಿರಬಹುದು ಅಂದುಕೊಂಡು ಮುಂದೆ ಹೋದೆವು.

ಒಂದು ಎಐ ನೆರವಿನ ಕಾರ್ಯಕ್ರಮಕ್ಕೆ ಅರ್ಜಿ ಕರೆದಿದ್ದರು. ಹುಡುಗ ಊರಿಗೆ ಬಂದ ಶನಿವಾರ ಸಂಜೆ ಕೂತು ಅರ್ಜಿ ತುಂಬಲು ಶುರುಮಾಡಿದೆವು. ಎರಡನೇ ಪುಟದಲ್ಲಿ ‘ಸಂಸ್ಥೆಯ ಬಗೆ’ ಅಂತ ಒಂದು ಪಟ್ಟಿ. ಒತ್ತಿದರೆ ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಪಾಲುದಾರಿಕೆ, ಶಿಕ್ಷಣ ಸಂಸ್ಥೆ, ಸರ್ಕಾರಿ ಸಂಸ್ಥೆ. ಟ್ರಸ್ಟ್ ಇಲ್ಲ. ಸೊಸೈಟಿ ಇಲ್ಲ. ‘ಇತರೆ’ ಕೂಡ ಇಲ್ಲ. ಒಂದನ್ನು ಆರಿಸದೆ ಮುಂದಿನ ಪುಟ ತೆರೆಯುವುದಿಲ್ಲ. ಸುಮ್ನೆ ಒಂದನ್ನು ಒತ್ತಿ ನೋಡಿದೆವು. ಮುಂದೆ 21 ಅಕ್ಷರ ಅಂಕಿಗಳ ಕಂಪನಿ ನೋಂದಣಿ ಸಂಖ್ಯೆ ಕೇಳಿತು. ನಮ್ಮ ಹತ್ತಿರ ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಟ್ರಸ್ಟ್ ಡೀಡ್. ಸುಳ್ಳು ಹೇಳಿ ಮುಂದೆ ಹೋಗುವುದು ನಮಗೆ ಬೇಕಿರಲಿಲ್ಲ. ಅಲ್ಲಿಗೇ ನಿಲ್ಲಿಸಿದೆವು.

ಸೋಮವಾರ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಬಹಳ ಸೌಜನ್ಯದಿಂದಲೇ ಹೇಳಿದಳು: “ಮೇಡಂ, ನೀವು ಒಂದು ಸ್ಟಾರ್ಟಪ್ ಜೊತೆ ಸೇರಿಕೊಂಡು ಅಪ್ಲೈ ಮಾಡಿ.”

ಇದರ ಹಿಂದೆ ಯಾರ ಕೆಟ್ಟ ಉದ್ದೇಶವೂ ಇಲ್ಲ, ಅದು ನನಗೆ ಗೊತ್ತು. 2019ರ ಕೇಂದ್ರದ ಅಧಿಸೂಚನೆಯಲ್ಲಿ ಸ್ಟಾರ್ಟಪ್ ಅಂದರೆ ಪ್ರೈವೇಟ್ ಲಿಮಿಟೆಡ್ ಕಂಪನಿ, ನೋಂದಾಯಿತ ಪಾಲುದಾರಿಕೆ ಅಥವಾ ಎಲ್‌ಎಲ್‌ಪಿ ಅಂತಲೇ ಇತ್ತು. ಹೂಡಿಕೆ, ಷೇರು, ವಹಿವಾಟು, ಇವುಗಳ ಲೆಕ್ಕದಲ್ಲಿ ಕಟ್ಟಿದ ವ್ಯವಸ್ಥೆ ಅದು. ಟ್ರಸ್ಟಿಗೆ ಮಾರಲು ಷೇರು ಇಲ್ಲ, ಹಂಚಿಕೊಳ್ಳಲು ಲಾಭ ಇಲ್ಲ. ಆದರೆ ಸರ್ಕಾರಕ್ಕೆ ನಾವು ಅಪರಿಚಿತರೇನೂ ಅಲ್ವಲ್ಲ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನಮಗೆ ಒಂದು ಸಂಖ್ಯೆ ಇದೆ. ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ ಇದೆ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಪಡೆಯಲು 2021ರಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ಕೂಡ ಆಗಿದೆ. ಪ್ರತಿ ವರ್ಷ ಆಡಿಟ್ ಆಗುತ್ತದೆ. ಇಷ್ಟು ಕಡೆ ನಮ್ಮನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಮೇಲೆ, ಅದರಲ್ಲಿ ಒಂದು ಸಂಖ್ಯೆಯನ್ನು ಎಐ ನೆರವಿನ ಅರ್ಜಿಯಲ್ಲೂ ಒಪ್ಪಿಕೊಂಡರೆ ಸಾಕು. ಪಟ್ಟಿಯಲ್ಲಿ ಒಂದು ಸಾಲು ಸೇರಿಸುವ ಕೆಲಸ ಅದು.

ಸ್ಟಾರ್ಟಪ್ ಹುಡುಕಿದೆವು. ಒಂದು ಕಂಪನಿಯವರು ಆಸಕ್ತಿ ತೋರಿಸಿ, ಆಫೀಸಿಗೂ ಬಂದರು. ನೋಟ್‌ಬುಕ್ ನೋಡಿ ಅವರ ಕಣ್ಣು ಅರಳಿತು. ವಾರದ ಮೇಲೆ ಹನ್ನೊಂದು ಪುಟದ ಒಪ್ಪಂದ ಕಳಿಸಿದರು. ಅದರಲ್ಲಿ ನಾವು ‘ಫೀಲ್ಡ್ ಪಾರ್ಟ್‌ನರ್’. ನಮ್ಮ ಜನರ ಧ್ವನಿ ಮುದ್ರಣ, ನಮ್ಮ ಪದಗಳ ಪಟ್ಟಿ, ಅದರಿಂದ ಮುಂದೆ ಹುಟ್ಟುವ ಎಲ್ಲವೂ ಶಾಶ್ವತವಾಗಿ ಅವರ ಸ್ವತ್ತು. ನಮ್ಮ ಆ ಇಬ್ಬರು ಹೆಣ್ಣುಮಕ್ಕಳ ಕೆಲಸಕ್ಕೆ ಒಂದು ರೂಪಾಯಿಯನ್ನೂ ತೋರಿಸಿರಲಿಲ್ಲ. ಕೇಳಿದಾಗ, ಅನುದಾನದ ನಿಯಮದಲ್ಲಿ ತಂತ್ರಜ್ಞರ ಖರ್ಚು ಮಾತ್ರ ತೋರಿಸಲು ಬರುತ್ತದೆ ಅಂದರು.

ಸಹಿ ಹಾಕುವ ಮೊದಲು ಯಾರ ದನಿ ಕೊಡುತ್ತೇವೋ ಅವರನ್ನು ಕೇಳಬೇಕಲ್ಲ. ಹತ್ತಿರದ ಹಳ್ಳಿಯ ಸಮುದಾಯ ಭವನದಲ್ಲಿ ಸಭೆ ಕರೆದೆವು. ಚಾಪೆ ಹಾಸಿ, ಚಹಾ ಮಾಡಿಸಿ, ಮೂವತ್ತು ಜನ ಹೆಂಗಸರು ಕೂತರು. ದನಿ ಮುದ್ರಣ ಯಾಕೆ, ಯಂತ್ರ ಹೇಗೆ ಕಲಿಯುತ್ತದೆ ಅಂತ ಬಿಡಿಸಿ ಹೇಳಿದೆ. ಒಪ್ಪಂದದ ಆ ಒಂದು ಭಾಗವನ್ನೂ ಕನ್ನಡದಲ್ಲಿ ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ತಾಯಿ ಕೇಳಿದರು: “ನನ ದನಿ ಎಲ್ಲಿ ಇಡತೀರಿ?”

ಅದರ ಹಿಂದೆಯೇ ಇನ್ನೊಬ್ಬರು: “ನಾ ಸತ್ತ ಮ್ಯಾಲೂ ಅದು ಮಾತಾಡತೈತೇನು?”

ಮೂರನೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. “ನಿಮಗಾದ್ರ ಕೊಡತೀವ್ರಿ ಅಕ್ಕಾರ. ಅವ್ರು ಯಾರಂತ ನಮಗೇನು ಗೊತ್ತು?” ಅಂದರು.

ನಾನು ಎಷ್ಟೋ ಎಐ ಚರ್ಚೆ ಕೇಳಿದ್ದೇನೆ, ಓದಿದ್ದೇನೆ. ದತ್ತಾಂಶದ ಬಗ್ಗೆ ಇಷ್ಟು ನೇರವಾಗಿ ಯಾರೂ ಕೇಳಿದ್ದು ನೋಡಿಲ್ಲ. ಎಲ್ಲಿ ಇಡುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾರ ಕೈಗೆ ಕೊಡುತ್ತೀರಿ. ಅವತ್ತೇ ಆ ಕಂಪನಿಗೆ ಬೇಡ ಅಂತ ಪತ್ರ ಬರೆದೆ.

ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಓದಿದೆ. ಒಳ್ಳೆಯ ಅಂಶಗಳಿವೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮ್ಮ ಅಜ್ಜಿಗೆ ಇದೆ. ವಿಕಲಚೇತನ ವ್ಯಕ್ತಿಗೆ ಕಾನೂನುಬದ್ಧ ಪೋಷಕರಿದ್ದರೆ ಅವರ ಒಪ್ಪಿಗೆಯನ್ನು ಖಚಿತ ಮಾಡಿಕೊಳ್ಳಬೇಕು. ತಪ್ಪಿದರೆ ದಂಡ ಗರಿಷ್ಠ 250 ಕೋಟಿ ರೂಪಾಯಿವರೆಗೆ. ಜನರ ದತ್ತಾಂಶ ಇಟ್ಟುಕೊಂಡ ಮೇಲೆ ಐದು ಜನರ ಟ್ರಸ್ಟಿಗೂ ಇದೇ ಕಾನೂನು. ಅದು ಸರಿ ಕೂಡ. ನಾವು ಸಣ್ಣವರು ಅನ್ನುವ ಕಾರಣಕ್ಕೆ ಅಜ್ಜಿಯ ಆಧಾರ್ ನಂಬರು ಬೀದಿಗೆ ಬರಬಾರದು. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ, ಕೆಲವು ಹೊಣೆಗಳಿಂದ ಕೆಲವರಿಗೆ ಸರ್ಕಾರ ವಿನಾಯಿತಿ ಕೊಡಬಹುದು ಅನ್ನುವಲ್ಲಿ ಸ್ಟಾರ್ಟಪ್‌ಗಳ ಹೆಸರನ್ನು ಬಿಡಿಸಿ ಬರೆದಿದ್ದಾರೆ. ನನಗೆ ವಿನಾಯಿತಿ ಬೇಡ. ನಮಗೆ ಬೇಕಾದ್ದು, ಈ ಕಾನೂನಿನ ಪ್ರಕಾರ ನಡೆಯುವುದು ಹೇಗೆ ಅಂತ ಕನ್ನಡದಲ್ಲಿ ಹೇಳಿಕೊಡುವ ಒಬ್ಬರು. ಜಿಲ್ಲೆಗೊಬ್ಬರಾದರೂ ಸಾಕು.

ಬೇರೆ ಕಡೆ ಹಣಕ್ಕೂ ಪ್ರಯತ್ನಪಟ್ಟೆವು, ಅದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಕಂಪನಿಯ ಸಿಎಸ್‌ಆರ್ ಅಧಿಕಾರಿ, ತಂತ್ರಜ್ಞಾನ ಸಂಶೋಧನೆ ಅಂದರೆ ನಮ್ಮ ಹಣ ವಿಶ್ವವಿದ್ಯಾಲಯಕ್ಕೆ ಇಲ್ಲಾ ಹೊಸ ಕಂಪನಿಗಳನ್ನು ಬೆಳೆಸುವ ಇನ್‌ಕ್ಯುಬೇಟರಿಗೆ ಹೋಗುತ್ತದೆ ಅಂದರು. ಕಂಪನಿ ಕಾಯ್ದೆಯ ಏಳನೇ ಪರಿಚ್ಛೇದದಲ್ಲಿ ಸಂಶೋಧನೆಯ ಸಾಲು ಇರುವುದೇ ಹಾಗೆ. ವಿದೇಶದಿಂದ ಎಐ ಅನುದಾನ ಪಡೆದ ಒಂದು ದೊಡ್ಡ ಸಂಸ್ಥೆಗೆ ನಮ್ಮ ಕೆಲಸ ಇಷ್ಟವಾಯಿತು. ಆದರೆ 2020ರಲ್ಲಿ ಎಫ್‌ಸಿಆರ್‌ಎಗೆ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ) ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಅಲ್ಲಿಗೆ ಅದೂ ಮುಗಿಯಿತು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಇದನ್ನು ಎಲ್ಲರೂ ನೋಡಬೇಕು ಅಂತ ನನಗೆ ಬಹಳ ಆಸೆ.

ಮಿಷನ್ ಕೆಳಗೆ 38,000ಕ್ಕೂ ಹೆಚ್ಚು ಜಿಪಿಯುಗಳನ್ನು (ಎಐಗೆ ಕಲಿಸಲು ಬೇಕಾದ ಶಕ್ತಿಶಾಲಿ ಕಂಪ್ಯೂಟರ್ ಚಿಪ್‌ಗಳನ್ನು) ಒಟ್ಟು ಮಾಡಿ, ಸಬ್ಸಿಡಿ ಸೇರಿ ಗಂಟೆಗೆ ಸುಮಾರು 65 ರೂಪಾಯಿಗೆ ಕೊಡುತ್ತಿರುವುದಾಗಿ ಸರ್ಕಾರ ಹೇಳಿದೆ. ದೊಡ್ಡ ಕೆಲಸ ಅದು, ಮೆಚ್ಚಬೇಕು. ನಮ್ಮ ಹುಡುಗ ಒಂದು ಭಾನುವಾರ ಕೂತು ಲೆಕ್ಕ ಹಾಕಿದ. ಈಗಾಗಲೇ ಮುಕ್ತವಾಗಿ ಸಿಗುವ ಕನ್ನಡ ಮಾದರಿಯೊಂದಕ್ಕೆ ನಮ್ಮ ಕೊಪ್ಪಳದ ಮಾತು ಕಲಿಸಲು ನಲವತ್ತು ಗಂಟೆ ಬೇಕು ಅಂದ. 65 ಇಂಟು 40, ಅಂದರೆ 2,600 ರೂಪಾಯಿ. ನಮ್ಮ ಆಫೀಸಿನ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಹಾಗಾದರೆ ಜಾಸ್ತಿ ಖರ್ಚು ಎಲ್ಲಿ? ಜನರ ಮಾತನ್ನು ಮುದ್ರಿಸಿ, ಹಾಳೆಗೆ ಇಳಿಸಿ, ತಪ್ಪು ತಿದ್ದಿ, ಅರ್ಥ ಬರೆಯುವ ಇಬ್ಬರು ಹೆಣ್ಣುಮಕ್ಕಳಿಗೆ ತಿಂಗಳಿಗೆ 9,000ದಂತೆ ಆರು ತಿಂಗಳು. ಒಂದು ಲಕ್ಷದ ಎಂಟು ಸಾವಿರ. ಯಂತ್ರದ ಖರ್ಚಿಗೆ ಸಬ್ಸಿಡಿ ಇದೆ. ಯಂತ್ರಕ್ಕೆ ಮಾತು ಕಲಿಸುವ ಮನುಷ್ಯರ ಖರ್ಚಿಗೆ ನಾವು ತಟ್ಟಿದ ಒಂದು ಬಾಗಿಲೂ ತೆರೆಯಲಿಲ್ಲ.

ಆ ಕೆಲಸ ಹೇಗಿರುತ್ತದೆ ಅಂತ ನೋಡಿದರೆ ಅದು ಖರ್ಚು ಅನಿಸುವುದಿಲ್ಲ. ಒಂದು ಮಧ್ಯಾಹ್ನ ನಮ್ಮ ಪಿಯುಸಿ ಓದಿದ ಹುಡುಗಿ ಇಯರ್‌ಫೋನ್ ಹಾಕಿಕೊಂಡು ಒಂದೇ ಮುದ್ರಣವನ್ನು ಏಳು ಸಲ ಕೇಳಿದಳು. ಅಜ್ಜ ಒಬ್ಬರು “ರೊಕ್ಕ ಬಿದ್ದಿಲ್ಲ” ಅಂದಿದ್ದರೋ “ರೊಕ್ಕ ಬಿಟ್ಟಿಲ್ಲ” ಅಂದಿದ್ದರೋ ಅನ್ನುವುದು ಪ್ರಶ್ನೆ. ಬಿದ್ದಿಲ್ಲ ಅಂದರೆ ಖಾತೆಗೆ ಹಣ ಬಂದಿಲ್ಲ. ಬಿಟ್ಟಿಲ್ಲ ಅಂದರೆ ಹಣ ಬಂದಿದೆ, ಆದರೆ ಹಳೆ ಸಾಲಕ್ಕೆ ಬ್ಯಾಂಕಿನವರು ಹಿಡಿದಿಟ್ಟುಕೊಂಡಿದ್ದಾರೆ. ಎರಡಕ್ಕೂ ಓಡಬೇಕಾದ ಕಚೇರಿ ಬೇರೆ ಬೇರೆ. ಹಿಂದೆ ಎಮ್ಮೆ ಕೂಗು, ಗಿರಣಿ ಸದ್ದು. ಏಳನೇ ಸಲ ಕೇಳಿ ಅವಳು, “ಬಿಟ್ಟಿಲ್ಲ ಅಂದಾರ್ರೀ, ಉಸಿರು ಹಿಡದು ಅಂದಾರ” ಅಂದಳು. ಅಜ್ಜನಿಗೆ ಫೋನ್ ಮಾಡಿ ಕೇಳಿದೆವು. ಅವಳು ಹೇಳಿದ್ದೇ ನಿಜ.

2025ರ ಜನವರಿ 6ರಂದು ಎಐ ಆಡಳಿತದ ಮಾರ್ಗಸೂಚಿ ಹೇಗಿರಬೇಕು ಅನ್ನುವ ಉಪಸಮಿತಿಯ ವರದಿಯನ್ನು ಸರ್ಕಾರ ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತು. ಜನವರಿ 27ಕ್ಕೆ ಮುಗಿಯಬೇಕಿದ್ದ ಗಡುವನ್ನು ಆಮೇಲೆ ಫೆಬ್ರವರಿ 27ಕ್ಕೆ ಹಾಕಿದರು. ಆ ಒಂದು ತಿಂಗಳು ಸಿಕ್ಕಿದ್ದರಿಂದಲೇ ನಾವು ಬರೆಯಲು ಆದದ್ದು. ಹಗಲು ಆಫೀಸಿನ ಕೆಲಸ. ರಾತ್ರಿ ಊಟ ಆದಮೇಲೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ಇಂಗ್ಲಿಷ್ ವರದಿ ಓದುತ್ತಿದ್ದೆ. ದಿನಕ್ಕೆ ನಾಲ್ಕು ಪುಟ.

ಒಬ್ಬರೇ ಬರೆಯುವುದಕ್ಕಿಂತ ಜೊತೆ ಸೇರಿ ಬರೆಯೋಣ ಅಂತ ಪರಿಚಯದ ಸಂಸ್ಥೆಗಳಿಗೆ ಫೋನ್ ಮಾಡಿದೆ. ರಾಯಚೂರು, ಗದಗ, ಉತ್ತರ ಕನ್ನಡ, ಚಾಮರಾಜನಗರ, ಹೀಗೆ ಒಂಬತ್ತು ಸಂಸ್ಥೆ. ಮೂರು ಭಾನುವಾರ ಗೂಗಲ್ ಮೀಟ್‌ನಲ್ಲಿ ಸೇರಿದೆವು. ಎಲ್ಲರೂ ಒಂದೇ ಮಾತು ಹೇಳಲಿಲ್ಲ. ಗದಗದ ಹಿರಿಯರೊಬ್ಬರು, “ಹಣದ ಮಾತು ಮೊದಲು ಬೇಡ, ಕೈ ಒಡ್ಡಿದ ಹಾಗಾಗುತ್ತೆ. ಸಮಿತಿಯಲ್ಲಿ ಕೂರಲು ಒಂದು ಕುರ್ಚಿ ಕೇಳೋಣ” ಅಂದರು. ರಾಯಚೂರಿನ ಗೆಳತಿ ಒಪ್ಪಲಿಲ್ಲ. ಕುರ್ಚಿ ಕೊಟ್ಟರೂ ದೆಹಲಿಗೆ ಹೋಗಿ ಬರುವ ರೈಲು ಚಾರ್ಜು ಯಾರು ಕೊಡುತ್ತಾರೆ, ಅವತ್ತಿನ ಆಫೀಸು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ನಾನು ಅವರ ಪಕ್ಷ. ದುಡಿಮೆಗೆ ಬೆಲೆ ಕೇಳುವುದು ಕೈ ಒಡ್ಡುವುದಲ್ಲ.

ಚಾಮರಾಜನಗರದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೊತೆ ಕೆಲಸ ಮಾಡುವವರು. ಎರಡು ವಾರ ಸುಮ್ಮನೆ ಕೇಳುತ್ತಿದ್ದರು. ಮೂರನೇ ವಾರ ಹೇಳಿದರು: “ನೀವು ಕನ್ನಡಕ್ಕೆ ಕಷ್ಟ ಅಂತೀರಿ. ಕನ್ನಡ 22ರಲ್ಲಿ ಒಂದು. ನಮ್ಮ ಜನ ಮನೆಯಲ್ಲಿ ಆಡೋ ಮಾತು ಆ ಪಟ್ಟಿಯಲ್ಲೇ ಇಲ್ಲ.” ಅಲ್ಲಿಯವರೆಗೆ ನಾನು ನಮ್ಮ ಕೊಪ್ಪಳದ ಮಾತೇ ಕೊನೆಯ ಸಾಲಿನಲ್ಲಿದೆ ಅಂದುಕೊಂಡಿದ್ದೆ. ನಮ್ಮ ಹಿಂದೆ ಇನ್ನೂ ಉದ್ದದ ಸಾಲಿತ್ತು. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿಯ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ದನಿ ಕೊಡಬಹುದು, ಒಳ್ಳೆಯ ವ್ಯವಸ್ಥೆ. ಆದರೆ ಸ್ಮಾರ್ಟ್‌ಫೋನ್ ಇಲ್ಲದ, ಓದು ಬಾರದವರ ಮಾತು ಅಲ್ಲಿಗೆ ತಲುಪಬೇಕಾದರೆ ನಡುವೆ ಅವರು ನಂಬುವ ಒಬ್ಬರು ಬೇಕು.

ಮೊದಲು ಕನ್ನಡದಲ್ಲಿ ಬರೆದೆವು, ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆವು. ಮೂರು ಪುಟ. ಎಐ ನೆರವಿಗೆ ಯಾರು ಅರ್ಹರು ಅನ್ನುವ ಪಟ್ಟಿಯಲ್ಲಿ ಟ್ರಸ್ಟ್, ಸೊಸೈಟಿ, ಲಾಭಕ್ಕಲ್ಲದ ಕಂಪನಿಗಳ ಹೆಸರು ಬರೆಯಿರಿ, ದರ್ಪಣ್ ಸಂಖ್ಯೆಯನ್ನು ಒಪ್ಪಿಕೊಳ್ಳಿ ಅಂದೆವು. ಅನುದಾನದಲ್ಲಿ ಒಂದು ಪಾಲನ್ನು ಕೇಳುವ, ಬರೆಯುವ, ತಿದ್ದುವ ಸ್ಥಳೀಯರ ಕೂಲಿಗೆ ಅಂತ ಮೀಸಲಿಡಿ, ಅದನ್ನು ಆಡಳಿತ ವೆಚ್ಚ ಅಂತ ಎಣಿಸಬೇಡಿ ಅಂದೆವು. ಜನರ ದನಿಯನ್ನು ಕೊಟ್ಟ ಸಮುದಾಯಕ್ಕೆ ವಾಪಸ್ ಕೇಳುವ ಹಕ್ಕು ಇರಲಿ, ಯಾವ ಷರತ್ತಿನ ಮೇಲೆ ಕೊಡಬೇಕು ಅಂತ ಅವರೇ ಹೇಳಲಿ. ಸಮಿತಿಗಳಲ್ಲಿ ಹಳ್ಳಿ ಮಟ್ಟದಲ್ಲಿ ಕೆಲಸ ಮಾಡುವವರು ಇರಲಿ, ಅವರ ಪ್ರಯಾಣದ ಖರ್ಚು ಕೊಡಿ. ಕೊನೆಯಲ್ಲಿ ಒಂದು ಸಾಲು ನಮ್ಮ ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳು ಸೇರಿಸಿದಳು: ಇಂಥ ವರದಿಗಳು ಕನ್ನಡದಲ್ಲೂ ಬರಲಿ, ನಮಗೂ ಓದಲು ಬರುತ್ತದೆ.

ಫೆಬ್ರವರಿ 25ರ ರಾತ್ರಿ ಹನ್ನೊಂದಕ್ಕೆ ಕಳಿಸಿದೆವು. ಕರೆಂಟು ಹೋಗಿತ್ತು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಡತ ಮೆಲ್ಲಗೆ ಏರುತ್ತಿದ್ದರೆ ನಾಲ್ಕು ಜನ ಆ ಪುಟ್ಟ ಪರದೆಯನ್ನೇ ನೋಡುತ್ತಾ ನಿಂತಿದ್ದೆವು.

ಅದೇ ವರ್ಷ ಮಾರ್ಚ್ 6ರಂದು ಎಐಕೋಶ ಅನ್ನುವ ದತ್ತಾಂಶ ವೇದಿಕೆ ಶುರುವಾಯಿತು. ನವೆಂಬರ್ 5ರಂದು ಭಾರತದ ಎಐ ಆಡಳಿತ ಮಾರ್ಗಸೂಚಿ ಹೊರಬಂತು. ಏಳು ಸೂತ್ರಗಳು. ಮೊದಲನೆಯದು, ನಂಬಿಕೆಯೇ ಬುನಾದಿ. ಎರಡನೆಯದು, ಜನ ಮೊದಲು. ಆ ಎರಡು ಸಾಲನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಸಮುದಾಯ ಭವನದ ಆ ತಾಯಿ “ನಿಮಗಾದ್ರ ಕೊಡತೀವ್ರಿ” ಅಂದಿದ್ದು ಈ ಮೊದಲನೇ ಸೂತ್ರವನ್ನೇ ಅಲ್ವಾ? ಆ ನಂಬಿಕೆ ಅವರಿಗೆ ಇರುವುದು ಮನೆಗೆ ಬಂದು ಹೋಗುವವರ ಮೇಲೆ. ಹದಿನೈದು ವರ್ಷ ಅರ್ಜಿ ಬರೆದುಕೊಟ್ಟು, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾವಿಗೂ ಮದುವೆಗೂ ಹೋಗಿ ಬಂದು ಬೆಳೆದ ನಂಬಿಕೆ ಅದು. ಆ ಬುನಾದಿಯ ಮೇಲೆ ಎಐ ಕಟ್ಟುವುದಾದರೆ ಆ ಮನೆಗಳಿಗೆ ಹೋಗುವವರಿಗೆ ಅರ್ಜಿಯಲ್ಲಿ ಒಂದು ಸಾಲು ಬೇಕೇ ಬೇಕು. ನಾನು ಇದನ್ನು ಎಷ್ಟು ಸಲ ಬೇಕಾದರೂ ಹೇಳಲು ತಯಾರಿದ್ದೇನೆ.

ನವೆಂಬರ್‌ನಲ್ಲೇ ದತ್ತಾಂಶ ಕಾಯ್ದೆಯ ನಿಯಮಗಳೂ ಬಂದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಸಮಯ ಇದೆ. ನಾವು ಈಗಲೇ ಶುರುಮಾಡಿದ್ದೇವೆ. ಒಪ್ಪಿಗೆಯ ನೋಟಿಸನ್ನು ಒಂದೇ ಪುಟದಲ್ಲಿ ಬರೆದೆವು, ಓದಿ ಹೇಳಲು ಎರಡು ನಿಮಿಷ ಸಾಕು. ಮೊದಲ ಸಾಲು, ‘ನಿಮ್ಮ ದನಿ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇರುತ್ತದೆ.’ ಎರಡನೆಯದು, ‘ಬೇಡ ಅಂತ ನೀವು ಯಾವತ್ತು ಹೇಳಿದರೂ ಅಳಿಸುತ್ತೇವೆ.’ ಆ ಸಮುದಾಯ ಭವನಕ್ಕೇ ಮತ್ತೆ ಹೋಗಿ ಓದಿ ಹೇಳಿದೆವು. ಮೂವತ್ತರಲ್ಲಿ ಇಪ್ಪತ್ತಾರು ಜನ ಒಪ್ಪಿದರು. ನಾಲ್ವರು ಬೇಡ ಅಂದರು. ಅವರ ಮುದ್ರಣ ಮಾಡಲಿಲ್ಲ.

ನೆರವು ಕೊನೆಗೆ ಬಂದದ್ದು ಬೇರೆ ದಾರಿಯಿಂದ. ಪಕ್ಕದ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನವರು ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಇದನ್ನು ತೆಗೆದುಕೊಂಡರು. ಕಂಪ್ಯೂಟರ್ ಕಾಲೇಜಿನದು. ಪದಗಳು, ದನಿ ನಮ್ಮ ಹತ್ತಿರವೇ ಉಳಿಯುತ್ತವೆ ಅಂತ ಎರಡು ಪುಟದ ಒಪ್ಪಂದ. ಆ ಇಬ್ಬರು ಹೆಣ್ಣುಮಕ್ಕಳ ಸಂಬಳಕ್ಕೆ ಊರಿನ ವರ್ತಕರು, ಹೊರಗಿರುವ ನಮ್ಮೂರಿನವರು ಕೈ ಜೋಡಿಸಿದರು. ಮಾರ್ಚ್‌ವರೆಗೆ ಆಗುವಷ್ಟು ಇದೆ.

ಫೋನ್ ಲೈನ್ ಈಗ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಡೆಯುತ್ತದೆ. ಪಗಾರ ಅಂದರೆ ಪಿಂಚಣಿ ಅಂತ ಅದಕ್ಕೆ ಗೊತ್ತಾಗಿದೆ. ಹೆಬ್ಬೆಟ್ಟು ಬರವಲ್ದು ಅಂದರೂ ತಿಳಿಯುತ್ತದೆ. ಸಂಶಯ ಬಂದ ಕರೆಯನ್ನು ನೇರ ನಮ್ಮ ಹುಡುಗಿಯ ಫೋನಿಗೆ ದಾಟಿಸುತ್ತದೆ. ಹೋದ ಮಂಗಳವಾರ ಒಬ್ಬ ಅಜ್ಜ ಫೋನ್ ಮಾಡಿ, “ನನ ಆಧಾರ ಮಲಗೇತ್ರಿ” ಅಂದರು. ಯಂತ್ರಕ್ಕೆ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಹುಡುಗಿ ವಾಪಸ್ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದಳು. ಹತ್ತು ವರ್ಷದಿಂದ ಆಧಾರ್ ಅಪ್‌ಡೇಟ್ ಮಾಡಿಸಿಲ್ಲ, ಬ್ಯಾಂಕಿನವರು ಮಾಡಿಸಿಕೊಂಡು ಬಾ ಅಂದಿದ್ದಾರೆ ಅಂತ ಅದರ ಅರ್ಥ. ಅವಳು ನೋಟ್‌ಬುಕ್ ತೆರೆದು ಎಡಗಡೆ ಆ ಮಾತು ಬರೆದಳು, ಬಲಗಡೆ ಅರ್ಥ ಬರೆದಳು. 1,112ನೇ ಸಾಲು.